ಬಡಿಸುವವರಿಲ್ಲದ ಪಂಕ್ತಿ

“ನಾಳೆ ಮಧ್ಯಾಹ್ನ ಏನೂ ತಿನ್ನಬೇಡ ಕಣಯ್ಯ, ರಾತ್ರಿ ನಿನ್ನನ್ನು ಒಂದು ಕಡೆ ಊಟಕ್ಕೆ ಕರೆದುಕೊಂಡು ಹೋಗುತ್ತೇನೆ” ಎಂದು ನನ್ನ ಮಿತ್ರ ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ದ. ನಾವಿಬ್ಬರೂ ಮೈಸೂರಿನಲ್ಲಿ ಒಂದೇ ವಿದ್ಯಾರ್ಥಿನಿಲಯದ ಅನ್ನ ಉಂಡವರು. ಅವನು ಎಂಜಿನಿಯರನಾಗಿ ಅಮೆರಿಕ ಸೇರಿದ. ನಿವೃತ್ತನಾದ ಮೇಲೆ ನೆವಾಡಾ ಸಂಸ್ಥಾನದ ಲಾಸ್ ವೇಗಾಸ್ ನಗರದ ಮಗ್ಗುಲಿಗೆ, ಹೆಂಡರ್ಸನ್ ಎಂಬ ಊರಿನಲ್ಲಿ ಮನೆ ಮಾಡಿದ್ದಾನೆ. ಆ ಸಂಸ್ಥಾನ ಜನರ ವರಮಾನದ ಮೇಲೆ ತೆರಿಗೆ ಹಾಕುವುದಿಲ್ಲವೆಂಬುದು ಅವನು ಕೊಟ್ಟ ಕಾರಣ. ನಾವು ಹೊರಟಾಗ ಅವನ ಹೆಂಡತಿ ಬಾಗಿಲವರೆಗೆ ಬಂದು, “ನೀವು ಜೊತೆಗಿದ್ದೀರಲ್ಲ ಅಣ್ಣ, ಹತ್ತು ಗಂಟೆಯೊಳಗೆ ಎಬ್ಬಿಸಿಕೊಂಡು ಬಂದುಬಿಡಿ” ಎಂದರು. ಊಟದಿಂದ ಎಬ್ಬಿಸುವುದು ಅಷ್ಟು ಕಷ್ಟವೆ ಎಂದು ನಾನು ನಕ್ಕೆ. ಆಕೆ ನಗಲಿಲ್ಲ.

ಲಾಸ್ ವೇಗಾಸ್ ಮರುಭೂಮಿಯ ನಡುವಿನ ಊರು. ವರ್ಷಕ್ಕೆ ಬೀಳುವ ಮಳೆ ನಾಲ್ಕು ಅಂಗುಲವೆಂದರೆ ಹೆಚ್ಚು. ಕುಡಿಯುವ ನೀರಿನ ಬಹುಪಾಲು ಕೊಲರಾಡೊ ನದಿಯದು. 1935ರಲ್ಲಿ ಉದ್ಘಾಟನೆಯಾದ ಹೂವರ್ ಅಣೆಕಟ್ಟಿನ ಹಿಂದೆ ನಿಂತ ಜಲಾಶಯದಿಂದ ಬರತಕ್ಕದ್ದು. ಬೆಳೆ ಬೆಳೆಯದ ಆ ನೆಲದಲ್ಲಿ ಜೂಜಿಗೆ 1931ರಲ್ಲಿ ಕಾನೂನಿನ ಒಪ್ಪಿಗೆ ದೊರೆಯಿತು. ಹತ್ತು ವರ್ಷದ ಮೇಲೆ, 1941ರಲ್ಲಿ, ಊರ ಹೊರಗಿನ ಹೆದ್ದಾರಿಯ ಬದಿಯಲ್ಲಿ ಎಲ್ ರಾಂಚೋ ವೇಗಾಸ್ ಎಂಬ ವಿಹಾರಗೃಹ ಎದ್ದಿತು. ಇಂದು ‘ಸ್ಟ್ರಿಪ್’ ಎಂದು ಹೆಸರಾದ ಬೀದಿಯ ಮೊದಲ ಜೂಜಿನ ಅರಮನೆ ಅದೇ. ನಡುರಾತ್ರಿ ಹಸಿವಾದರೆ ಆಡುತ್ತಿದ್ದವರು ಎದ್ದು ಹೋಗುತ್ತಾರಲ್ಲ, ಅದನ್ನು ತಡೆಯುವುದು ಹೇಗೆ? ಉದ್ದನೆಯ ಮೇಜಿನ ಮೇಲೆ ತಣ್ಣನೆಯ ಮಾಂಸ, ರೊಟ್ಟಿ, ಗಿಣ್ಣುಗಳನ್ನು ಇಟ್ಟು, ಒಂದು ಡಾಲರಿಗೆ ಹೊಟ್ಟೆ ತುಂಬ ತಿನ್ನಿ ಎಂದರು. ಆ ಊಟದಿಂದ ಅವರಿಗೆ ಲಾಭವಿರಲಿಲ್ಲ. ಲಾಭ ಹತ್ತು ಹೆಜ್ಜೆಯ ಆಚೆ, ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲಿತ್ತು. ಎಲ್ ರಾಂಚೋ 1960ರಲ್ಲಿ ಸುಟ್ಟುಹೋಯಿತು. ಅದು ಹಾಕಿಕೊಟ್ಟ ಮೇಲ್ಪಂಕ್ತಿ ಉಳಿಯಿತು. ಪಗಡೆಯ ಸಭೆಯಲ್ಲಿ ಶಕುನಿ ಧರ್ಮರಾಯನಿಗೆ ಊಟ ಹಾಕಿಸಿದನೆಂದು ನಾನು ಎಲ್ಲಿಯೂ ಓದಿದ ನೆನಪಿಲ್ಲ. ಪಾಪ, ಅವನಿಗೆ ಈ ಉಪಾಯ ಹೊಳೆಯಲಿಲ್ಲ.

ಈಗ ಕಾಲ ಬದಲಾಗಿದೆ. 2020ರ ಮಹಾಮಾರಿಯ ವರ್ಷದಲ್ಲಿ ಮುಚ್ಚಿದ ಅಗ್ಗದ ಬಫೆಗಳಲ್ಲಿ ಎಷ್ಟೋ ಮತ್ತೆ ಬಾಗಿಲು ತೆರೆಯಲಿಲ್ಲ. ಉಳಿದು ಬಾಳುತ್ತಿರುವವುಗಳಲ್ಲಿ ಮೆರೆಯುತ್ತಿರುವುವು ದೊಡ್ಡ ಹೋಟೆಲುಗಳ ಬಫೆಗಳು. ತಲೆಯೊಂದಕ್ಕೆ 70-80 ಡಾಲರು ತೆರಬೇಕು. ನನ್ನ ಮಿತ್ರ ನನ್ನನ್ನು ಕರೆದೊಯ್ದದ್ದು ಅಂಥ ಒಂದಕ್ಕೆ. ಹೆಸರು ಬೇಡ, ಅಲ್ಲಿ ಕಂಡದ್ದು ಬೇರೆಡೆಯೂ ಕಾಣತಕ್ಕದ್ದೇ.

ಊಟದ ಮನೆಗೆ ನೇರವಾದ ದಾರಿಯಿಲ್ಲ. ಜೂಜಿನ ಅಂಗಳವನ್ನು ಹಾದೇ ಹೋಗಬೇಕು. ಕಿಟಕಿಯಿಲ್ಲ, ಗೋಡೆಯ ಮೇಲೆ ಗಡಿಯಾರವಿಲ್ಲ. ಹೊರಗೆ ಹಗಲೋ ರಾತ್ರಿಯೋ ತಿಳಿಯದು. ಕಣ್ಣು ಕುಕ್ಕುವ ರತ್ನಗಂಬಳಿಯ ಮೇಲೆ ಯಂತ್ರಗಳ ಸಾಲು ಸಾಲು, ಒಂದೊಂದರ ಮುಂದೆ ಒಬ್ಬೊಬ್ಬರು. ಅಷ್ಟು ಜನ ಕೂಡಿದ ಕಡೆ ಅಷ್ಟು ಕಡಿಮೆ ಮಾತನ್ನು ನಾನು ಕೇಳಿದ್ದು ಗ್ರಂಥಾಲಯಗಳಲ್ಲಿ ಮಾತ್ರ.

ಒಳಗಿನ ವೈಭವವನ್ನು ಏನೆಂದು ಹೇಳಲಿ! ಬಿಳಿಯ ಟೊಪ್ಪಿಗೆಯ ಅಡಿಗೆಯವರು ದೀಪದ ಕೆಳಗೆ ಮಾಂಸದ ದೊಡ್ಡ ತುಂಡುಗಳನ್ನು ತೆಳ್ಳಗೆ ಕೊಯ್ದು ಕೊಡುತ್ತಿದ್ದರು. ಸಾವಿರಾರು ಮೈಲಿ ದೂರದ ತಣ್ಣೀರ ಕಡಲಿನಿಂದ ಬಂದ ಏಡಿಯ ಕಾಲುಗಳು, ಉದ್ದಕ್ಕೆ ಸೀಳಿದವು, ಮಂಜುಗಡ್ಡೆಯ ಮೇಲೆ ಸೌದೆಯಂತೆ ಒಟ್ಟಿದ್ದವು. ಚೀನದ್ದು, ಇಟಲಿಯದು, ಮೆಕ್ಸಿಕೋದ್ದು ಎಂದು ಬೇರೆ ಬೇರೆ ಕಟ್ಟೆಗಳು. ಸಿಹಿಗಳಿಗೇ ಒಂದು ಕೇರಿ. ಸಸ್ಯಾಹಾರಿಯಾದ ನಾನು ಒಂದು ಸುತ್ತು ಪ್ರದಕ್ಷಿಣೆ ಹಾಕಿ, ಕಡೆಗೆ ಅನ್ನ, ಬೇಳೆಯದೊಂದು ಸಾರು, ಬೇಯಿಸಿದ ಬೀನ್ಸು, ಮೊಸರು ಇಷ್ಟನ್ನು ಹಿಡಿದು ಬಂದೆ. “ಎಪ್ಪತ್ತೈದು ಡಾಲರಿಗೆ ಮೊಸರನ್ನವೇನಯ್ಯ!” ಎಂದು ಮಿತ್ರ ಹಣೆ ಚಚ್ಚಿಕೊಂಡ. ಅವನು ಏಡಿಯ ರಾಶಿಗೆ ಮೂರು ಸಲ ಹೋಗಿಬಂದ. ಮೂರನೆಯ ತಟ್ಟೆ ಅರ್ಧ ಉಳಿಯಿತು. ಒಬ್ಬ ಹೆಂಗಸು ಬಂದು ಸದ್ದಿಲ್ಲದೆ ಎತ್ತಿಕೊಂಡು ಹೋದಳು. ಈ ಊರಿನ ಹೋಟೆಲುಗಳ ಎಂಜಲು ಬಹುಕಾಲ ನಗರದ ಉತ್ತರಕ್ಕಿದ್ದ ಹಂದಿ ಸಾಕುವವರಲ್ಲಿಗೆ ಹೋಗುತ್ತಿತ್ತಂತೆ.

ತಟ್ಟೆಯ ಮುಂದೆ ಕುಳಿತಾಗ ನನಗೆ ಏನೋ ಕೊರತೆಯೆನಿಸಿತು. ಕೊರತೆ ಪದಾರ್ಥದ್ದಲ್ಲವಷ್ಟೆ. ನಮ್ಮ ಸಂತರ್ಪಣೆಗಳಲ್ಲಿ ಉಣ್ಣುವವನಿಗೆ ಇರುವುದು ಒಂದೇ ಅಧಿಕಾರ: ಸಾಕೆನ್ನುವುದು. ಯಾವುದರ ಹಿಂದೆ ಯಾವುದು ಬರಬೇಕೆಂಬುದು ಅವನ ಕೈಯಲ್ಲಿಲ್ಲ. ಹೋಳಿಗೆ ಹಿಡಿದವನು ಹತ್ತಿರ ಬಂದಾಗ ಎಲೆಯ ಮೇಲೆ ಬಾಗಿ ಎರಡು ಕೈಯನ್ನೂ ಅಡ್ಡ ಹಿಡಿಯುತ್ತಾನೆ. ಬಡಿಸುವವನು ಬೆರಳ ಸಂದಿಯಲ್ಲಿ ತೂರಿಸುತ್ತಾನೆ. ಯಜಮಾನ ಹಿಂದೆ ನಿಂತು, “ಅವರದು ಸಂಕೋಚದ ಸ್ವಭಾವ, ಇನ್ನೊಂದು ಹಾಕಿ” ಎನ್ನುತ್ತಾನೆ. ಇದು ಉಪಚಾರವಲ್ಲ, ಉಪದ್ರವ ಎಂದು ನಾನೇ ಎಷ್ಟೋ ಸಲ ಗೊಣಗಿದ್ದುಂಟು. ಆದರೆ ಅಲ್ಲಿ ಬೇಕು ಎನ್ನುವ ಕೆಲಸ ಪರರದು, ಸಾಕು ಎನ್ನುವ ಕೆಲಸ ನನ್ನದು. ಇಲ್ಲಿ ಎರಡೂ ನನ್ನ ತಲೆಗೇ ಬಿದ್ದಿತ್ತು. ಸಾಕೆನ್ನೋಣವೆಂದರೆ ಕೇಳುವವರು ಎದುರಿಗಿಲ್ಲ. ಪಂಕ್ತಿಯಲ್ಲಾದರೆ ಹಿರಿಯರು ಎದ್ದಾಗ ಎಲ್ಲರೂ ಏಳಬೇಕು. ಇಲ್ಲಿ ಏಳುವ ಹೊತ್ತನ್ನು ಗೊತ್ತುಮಾಡುವವರೂ ಇಲ್ಲ. ನಮ್ಮ ಪಂಕ್ತಿಗಳಲ್ಲಿ ಯಾರನ್ನು ಕೂರಿಸುತ್ತಿದ್ದರು, ಯಾರನ್ನು ಹೊರಗೆ ನಿಲ್ಲಿಸುತ್ತಿದ್ದರು ಎಂಬ ಕಳಂಕವನ್ನು ನಾನು ಮರೆತಿಲ್ಲ. ಈ ಅರಮನೆಯಲ್ಲಿ ಆ ಭೇದವಿಲ್ಲ, ಕಾಸುಳ್ಳವರೆಲ್ಲ ಸಮಾನರು. ಆ ಮಟ್ಟಿಗೆ ಅದಕ್ಕೆ ನಮಸ್ಕಾರ.

ಹಣ ತೆರಲು ನಾನು ಜೇಬಿಗೆ ಕೈ ಹಾಕಿದರೆ ಮಿತ್ರ ನಕ್ಕ. “ನಾವು ಕಾಸು ಕೊಡುವ ಹಾಗಿಲ್ಲ. ಇದು ಪುಕ್ಕಟೆ.” ಅವನ ಕೈಯಲ್ಲಿ ಬಂಗಾರದ ಬಣ್ಣದ ಒಂದು ಚೀಟಿಯಿತ್ತು, ಆಡುವಾಗಲೆಲ್ಲ ಅದನ್ನು ಯಂತ್ರಕ್ಕೆ ತೋರಿಸಬೇಕಂತೆ. ಎಷ್ಟು ಹೊತ್ತು ಆಡಿದ, ಪ್ರತಿಸಲ ಎಷ್ಟು ಒಡ್ಡಿದ ಎಂಬುದನ್ನು ಅದು ಬರೆದಿಡುತ್ತದೆ. ಆ ಆಟದಲ್ಲಿ ಮನೆಗೆ ಸಲ್ಲುವ ಪಾಲಿನಿಂದ ಅದನ್ನು ಗುಣಿಸಿ, ಅವನು ಸೋಲಬೇಕಾದ ಮೊತ್ತವನ್ನು ತೆಗೆಯುತ್ತಾರೆ. ಅದರಲ್ಲೊಂದು ಅಂಶವನ್ನು ಊಟವಾಗಿಯೋ ವಸತಿಯಾಗಿಯೋ ಹಿಂದಿರುಗಿಸುತ್ತಾರೆ. ಇದನ್ನೆಲ್ಲ ನನಗೆ ವಿವರಿಸಿದವನು ಅವನೇ. “ರುಲೆಟ್ ಚಕ್ರವನ್ನೇ ತೆಗೆದುಕೊ. 36 ಅಂಕೆ, ಒಂದು ಸೊನ್ನೆ, ಒಂದು ಜೋಡಿ ಸೊನ್ನೆ: ಒಟ್ಟು 38 ಮನೆ. ಎಲ್ಲಕ್ಕೂ ಒಂದೊಂದು ಡಾಲರು ಇಟ್ಟರೆ 38 ಹೋಯಿತು. ಗೆದ್ದ ಮನೆಗೆ 35, ಜೊತೆಗೆ ಇಟ್ಟ ಒಂದು, 36 ಬಂತು. ನೂರಕ್ಕೆ ಐದೂಕಾಲು ಅವರಿಗೆ ಖಚಿತ.” ವಿದ್ಯಾರ್ಥಿನಿಲಯದ ಮಂಕು ದೀಪದಲ್ಲಿ ನನಗೆ ಗಣಿತ ಹೇಳಿಕೊಡುತ್ತಿದ್ದಾಗಿನ ಅದೇ ಕಂಠ, ಅದೇ ಉತ್ಸಾಹ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂರರಲ್ಲೊಂದು ಪಾಲು ಹಿಂದಕ್ಕೆ ಬರುತ್ತದೆಂದು ಉದಾರವಾಗಿ ಹಿಡಿದರೂ, ನಮ್ಮಿಬ್ಬರ 150 ಡಾಲರಿನ ಊಟಕ್ಕೆ 450 ಡಾಲರು ಸಂದಿರಬೇಕು. ಹಾಗೆ ನೋಡಿದರೆ ಆ ಊರಿನಲ್ಲಿ ಅತ್ಯಂತ ದುಬಾರಿಯಾದ ಮೊಸರನ್ನವನ್ನು ಉಂಡವನು ನಾನೇ. “ತಿಂಗಳಿಗೆ ಎಷ್ಟು ಸಲ ಬರುತ್ತೀಯೆ?” ಎಂದೆ. “ಊಟಕ್ಕೋ?” ಎಂದು ಕೇಳಿ, ಉತ್ತರ ಹೇಳದೆ ಸಿಹಿ ತರಲು ಎದ್ದುಹೋದ.

ಒಂಬತ್ತೂವರೆಗೆ ನಾವು ಎದ್ದೆವು. ಗಂಟೆ ತಿಳಿದದ್ದು ನನ್ನ ಕೈಗಡಿಯಾರದಿಂದ. ಯಂತ್ರಗಳ ಸಾಲನ್ನು ದಾಟುವಾಗ ಅವನ ನಡಿಗೆ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಹೊರಬಾಗಿಲಿಗೆ ಬಂದೆವು, ಆಕೆಗೆ ಕೊಟ್ಟ ಮಾತು ಉಳಿಯಿತೆಂದು ನಾನು ಹಗುರವಾದೆ. ಆಗ ಅವನು ತಟ್ಟನೆ ನಿಂತು, “ಅರೆ, ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟೆ. ಎರಡು ನಿಮಿಷ, ಇಲ್ಲೇ ಇರು” ಎಂದ.

ಕನ್ನಡಕ ಅವನ ಅಂಗಿಯ ಜೇಬಿನಲ್ಲಿತ್ತು. ಅದರ ಒಂದು ಕಡ್ಡಿ ಹೊರಗೆ ಕಾಣುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅವನ ಅನ್ನ ನನ್ನ ಹೊಟ್ಟೆಯಲ್ಲಿತ್ತು. ಉಂಡ ಬಾಯಿಂದ ಆ ಮಾತು ಹೊರಡಲಿಲ್ಲ. ಅವನು ಹೋದ.

ಹೊರಗೆ ಮರುಭೂಮಿಯ ಬಿಸಿಗಾಳಿ ಬೀಸುತ್ತಿತ್ತು. ಹತ್ತಾಯಿತು, ಹತ್ತೂವರೆಯಾಯಿತು. ಅವನು ಬಂದಾಗ ಹನ್ನೊಂದು ದಾಟಿತ್ತು. ಮುಖ ಸ್ವಲ್ಪ ಬೆವರಿದ್ದರೂ ಗೆಲುವಾಗಿಯೇ ಇದ್ದ. ಕನ್ನಡಕದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾರಿನ ಬಾಗಿಲು ತೆರೆಯುತ್ತ, “ನೀನು ಊರಿಗೆ ಹೊರಡುವ ಮುಂಚೆ ಇನ್ನೊಂದು ಸಲ ಬರೋಣ ಕಣಯ್ಯ. ಅವಳನ್ನೂ ಕರೆದುಕೊಂಡು. ಮೂರು ಜನಕ್ಕೂ ಪುಕ್ಕಟೆ” ಎಂದ.