ಯಜಮಾನನೇ ಉಪಾಧ್ಯಾಯ

ಮಳೆಗಾಲದ ದಿನಗಳಲ್ಲಿ ಮೈಸೂರಿನ ಬಸ್ಸು ನಂಜನಗೂಡು, ಬೇಗೂರುಗಳನ್ನು ಹಾದು ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಬಂದು ನಿಂತಾಗ, ಇಳಿಯುವವರಲ್ಲಿ ಎರಡು ಬಗೆಯ ಪರಸ್ಥಳದವರು ಕಾಣಸಿಗುತ್ತಾರೆ. ಒಂದು, ಗೋಪಾಲಸ್ವಾಮಿ ಬೆಟ್ಟವನ್ನೂ ಹೆದ್ದಾರಿಯ ಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳನ್ನೂ ನೋಡಲು ಬಂದ ವಿಹಾರಿಗಳ ಗುಂಪು. ಇನ್ನೊಂದು ಗುಂಪಿನ ತರುಣ ತರುಣಿಯರ ಬಳಿ ಹಾಸಿಗೆಯ ಸುರುಳಿ, ಬಕೆಟ್ಟು, ಟಾರ್ಚು, ದಪ್ಪನೆಯ ದಿನಚರಿ ಪುಸ್ತಕಗಳಿರುತ್ತವೆ. ಇವರು ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು. ಮೂರು ವರ್ಷ ತರಗತಿಯಲ್ಲಿ ಕುಳಿತು ಓದಿದ ಬೇಸಾಯವನ್ನು ಹೊಲದಲ್ಲಿ ನಿಂತು ಕಲಿಯಲು ಬಂದವರು. ವಿಹಾರಿಗಳು ಸಂಜೆಗೆ ಹಿಂದಿರುಗುತ್ತಾರೆ, ಇವರು ಉಳಿಯುತ್ತಾರೆ.

ಇವರನ್ನು ಉಳಿಸಿಕೊಂಡು ಕೆಲಸ ಕಲಿಸುವವರು ಯಾರು? ವಿದ್ಯಾರ್ಥಿಗಳ ಭವಿಷ್ಯದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಕಾಲೇಜಿನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ತನ್ನ ಹೊಲದ ಬದುವಿನ ಮೇಲೆ ನಿಂತು, ತನ್ನ ದಿನದ ದುಡಿಮೆಯನ್ನು ಅಷ್ಟಕ್ಕೆ ಬಿಟ್ಟು, ಇಪ್ಪತ್ತೊಂದು ವರ್ಷದ ಹುಡುಗನೊಬ್ಬನ ಪ್ರಶ್ನೆಗಳಿಗೆ ಉತ್ತರ ಹೇಳುವ ರೈತನ ವಿಚಾರ ಮಾತ್ರ ಬರುವುದು ಅಪರೂಪ.

ಕಲಿಕೆಯನ್ನೂ ಕೆಲಸವನ್ನೂ ಬೆಸೆಯುವ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ಸಂಡರ್‌ಲೆಂಡ್ ತಾಂತ್ರಿಕ ಕಾಲೇಜು 1903ರಲ್ಲಿಯೂ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾನಿಲಯ 1906ರಲ್ಲಿಯೂ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ಕಾರ್ಖಾನೆಗಳಿಗೆ ಕಳುಹಿಸತೊಡಗಿದವು. ನಮ್ಮ ಅಕ್ಕಸಾಲಿಗಳ, ಬಡಗಿಗಳ, ನೇಕಾರರ ಮನೆಗಳಲ್ಲಿ ಅದಕ್ಕೂ ಎಷ್ಟೋ ಹಿಂದಿನಿಂದ ನಡೆದು ಬಂದ ಪದ್ಧತಿಯೇ ಇದು. ಅದಕ್ಕೆ ಪ್ರಮಾಣಪತ್ರ ಕೊಡುವವರು ಇರಲಿಲ್ಲ, ಅಷ್ಟೆ.

ಕೃಷಿ ಶಿಕ್ಷಣದಲ್ಲಿ ಇದಕ್ಕೆ 'ಗ್ರಾಮೀಣ ಕೃಷಿ ಕಾರ್ಯಾನುಭವ'ವೆಂದು ಹೆಸರು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಂಧಾವಾ ಸಮಿತಿ 1992ರಲ್ಲಿ ಇದನ್ನು ಶಿಫಾರಸು ಮಾಡಿತು. 2016–17ರಿಂದ ಜಾರಿಗೆ ಬಂದ ಐದನೆಯ ಡೀನರ ಸಮಿತಿಯ ಪಠ್ಯಕ್ರಮವು ಪದವಿಯ ನಾಲ್ಕನೆಯ ವರ್ಷವನ್ನು ಇಡಿಯಾಗಿ ಕೆಲಸದ ಮೂಲಕ ಕಲಿಯುವುದಕ್ಕೆ ಮೀಸಲಿಟ್ಟಿತು. ಅದರ ಮೊದಲರ್ಧದ 20 ವಾರಗಳಲ್ಲಿ 8 ವಾರ ಹಳ್ಳಿಯಲ್ಲಿ, 5 ವಾರ ಕೃಷಿ ವಿಜ್ಞಾನ ಕೇಂದ್ರದಂತಹ ಘಟಕಗಳಲ್ಲಿ, 2 ವಾರ ಸಸ್ಯ ಚಿಕಿತ್ಸಾಲಯದಲ್ಲಿ, 3 ವಾರ ಕೃಷಿ ಉದ್ಯಮದಲ್ಲಿ. ಉಳಿದದ್ದು ಪೂರ್ವಸಿದ್ಧತೆಗೆ ಮತ್ತು ವರದಿಗೆ. ಎರಡನೆಯ ಅರ್ಧದಲ್ಲಿ ವಿದ್ಯಾರ್ಥಿಗಳು ತಾವೇ ಒಂದು ಉತ್ಪಾದನೆಯ ಕೆಲಸವನ್ನು ಕೈಗೊಂಡು ಅದರ ಲಾಭನಷ್ಟಗಳನ್ನು ಕಾಣಬೇಕು. ಆರು ತಿಂಗಳವರೆಗೆ ತಿಂಗಳಿಗೆ 3,000 ರೂಪಾಯಿ ಭತ್ಯವೂ ನಿಗದಿಯಾಯಿತು. ಈ ಭತ್ಯ ವಿದ್ಯಾರ್ಥಿಗೆ, ಕಲಿಸುವ ರೈತನಿಗಲ್ಲ.

ಪಟ್ಟಣದ ತಾಯಿತಂದೆಯರ ಮೊದಲ ಪ್ರಶ್ನೆ ಭತ್ಯದ್ದಲ್ಲ. "ಮಗಳು ಮಲಗುವುದೆಲ್ಲಿ, ಉಣ್ಣುವುದೆಲ್ಲಿ?" ಎಂಬುದು. ಸಾಮಾನ್ಯವಾಗಿ ತಂಡದವರೆಲ್ಲ ಹಳ್ಳಿಯ ಸಮುದಾಯ ಭವನದಲ್ಲಿಯೋ ಬಾಡಿಗೆಯ ಮನೆಯಲ್ಲಿಯೋ ಒಟ್ಟಾಗಿ ಇಳಿದುಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ರೈತ ಕುಟುಂಬ ಗೊತ್ತಾಗಿರುತ್ತದೆ. ಕಾಗದದ ಮೇಲಿನ ಏರ್ಪಾಡು ಹೀಗಾದರೂ, ಎರಡನೆಯ ವಾರ ಕಳೆಯುವುದರೊಳಗೆ ಹುಡುಗಿಯ ಊಟದ ಚಿಂತೆಯನ್ನು ಮನೆಯಾಕೆ ತನ್ನ ತಲೆಗೆ ಹಾಕಿಕೊಂಡಿರುತ್ತಾಳೆ. ಪ್ರಶ್ನಾವಳಿಯ ಹಾಳೆ ಹಿಡಿದು ಬಂದವಳಿಗೆ "ಮೊದ್ಲು ಉಂಡ್ಬುಡವ್ವ, ಆಮ್ಯಾಕೆ ಬರ್ಕೊಳ್ಳೀವಂತೆ" ಎಂಬ ಉತ್ತರ ದೊರೆಯುತ್ತದೆ. ಮುದ್ದೆಯನ್ನು ಅಗಿಯದೆ ನುಂಗುವುದು ಪಠ್ಯಕ್ರಮದಲ್ಲಿಲ್ಲದ ಒಂದು ಪ್ರಯೋಗ.

ಬಂದ ಹೊಸತರಲ್ಲಿ ವಿದ್ಯಾರ್ಥಿಗಳು ದೇವಸ್ಥಾನದ ಮುಂದಣ ಬಯಲಿನಲ್ಲಿ ರಂಗೋಲಿಯಿಂದ ಊರಿನ ನಕ್ಷೆಯನ್ನು ಬರೆಯುವುದು ವಾಡಿಕೆ. ಕೆರೆ, ಶಾಲೆ, ಹಾಲಿನ ಡೇರಿ, ಕೊಳವೆ ಬಾವಿಗಳು, ಯಾವ ದಿಕ್ಕಿಗೆ ಯಾವ ಬೆಳೆ, ಎಲ್ಲಕ್ಕೂ ಒಂದೊಂದು ಬಣ್ಣ. ಊರ ಹಿರಿಯರು ಸುತ್ತ ನಿಂತು ತಪ್ಪುಗಳನ್ನು ತೋರಿಸುತ್ತಾರೆ. ಬತ್ತಿಹೋದ ಕೊಳವೆ ಬಾವಿಗೆ ನೀಲಿ ಬಣ್ಣ ತುಂಬಿದವನನ್ನು ಕಂಡು ನಗುತ್ತಾರೆ. ಆ ನಗೆಯೇ ಪಾಠದ ಆರಂಭ.

ಮಣ್ಣಿನ ಮಾದರಿ ತೆಗೆಯುವ ಕೆಲಸವನ್ನೇ ನೋಡಿ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ, ಹತ್ತು ಹದಿನೈದು ಕಡೆ 15 ಸೆಂಟಿಮೀಟರು ಆಳದವರೆಗೆ ಓರೆಯಾಗಿ ಅಗೆದು, ಬದಿಯಿಂದ ತೆಳುವಾದ ಪದರವನ್ನು ಕೆರೆದು ತೆಗೆಯಬೇಕು; ಎಲ್ಲವನ್ನೂ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಚೆಲ್ಲುತ್ತ ಹೋಗಿ, ಕೊನೆಗೆ ಅರ್ಧ ಕಿಲೋ ಉಳಿಸಿಕೊಳ್ಳಬೇಕು. ಮರದ ನೆರಳು, ಬದುವಿನ ಅಂಚು, ಗೊಬ್ಬರದ ಗುಡ್ಡೆ ಇದ್ದ ಜಾಗಗಳನ್ನು ಬಿಡಬೇಕು. ಇಷ್ಟನ್ನು ವಿದ್ಯಾರ್ಥಿ ಬಲ್ಲ. ಆದರೆ ಹೋದ ವರ್ಷ ಗೊಬ್ಬರದ ಗುಡ್ಡೆ ಎಲ್ಲಿತ್ತು? ಅದನ್ನು ಬಲ್ಲವನು ಯಜಮಾನ. ಅವನು ಬಾಯಿ ಬಿಡದಿದ್ದರೆ ಪ್ರಯೋಗಾಲಯದ ಫಲಿತಾಂಶವೇ ಸುಳ್ಳಾಗುತ್ತದೆ. ಅವನ ಬಾಯಿ ಬಿಡಿಸುವುದು, ಅರ್ಥಾತ್ ಅವನ ವಿಶ್ವಾಸವನ್ನು ಗಳಿಸುವುದು, ಮಣ್ಣು ಅಗೆಯುವುದಕ್ಕಿಂತ ಕಷ್ಟದ ಕೆಲಸ.

ಯಜಮಾನನ ಪಾಲಿಗೆ ಇದು ಆಟವಲ್ಲ. ಗುಂಡ್ಲುಪೇಟೆ, ಚಾಮರಾಜನಗರಗಳ ಸೀಮೆಯಲ್ಲಿ ಅರಿಸಿನ ಮುಖ್ಯವಾದ ಹಣದ ಬೆಳೆ. ಮಳೆ ಹೆಚ್ಚಾಗಿ ನೀರು ನಿಂತಿತೆಂದರೆ ಗೆಡ್ಡೆ ಕೊಳೆ ರೋಗ ಬರುತ್ತದೆ. ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತದೆ, ಗಿಡವನ್ನು ಮೆಲ್ಲನೆ ಎಳೆದರೂ ಕಿತ್ತು ಬರುತ್ತದೆ, ಗೆಡ್ಡೆ ಮೆತ್ತಗಾಗಿರುತ್ತದೆ. ಆದರೆ ಎಲೆ ಹಳದಿಯಾಗಲು ಪೋಷಕಾಂಶದ ಕೊರತೆಯೂ ಕಾರಣವಾಗಬಹುದು. ರೋಗವನ್ನು ಕೊರತೆಯೆಂದು ತಿಳಿದು ಗೊಬ್ಬರ ಸುರಿಯಲು ಹೇಳಿದರೆ ಗೊಬ್ಬರದ ಹಣವೂ ಹೋಯಿತು, ಬಸಿಗಾಲುವೆ ತೋಡಿ ನೀರನ್ನು ಹೊರಕ್ಕೆ ಹರಿಸಬೇಕಾಗಿದ್ದ ಅಮೂಲ್ಯ ದಿನಗಳೂ ಹೋದುವು. ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದರೆ ವಿದ್ಯಾರ್ಥಿಗೆ ಎರಡು ಅಂಕ ನಷ್ಟ. ಇಲ್ಲಿ ನಷ್ಟವಾಗುವುದು ಇನ್ನೊಬ್ಬನ ವರ್ಷದ ಗಳಿಕೆ. ಹೀಗಿದ್ದೂ ತನ್ನ ಹೊಲದ ಒಂದು ಪಟ್ಟೆಯನ್ನು ಹುಡುಗರ ಕೈಗೆ ಕೊಟ್ಟು "ಮಾಡಿ ನೋಡಿ" ಎನ್ನುವ ರೈತನ ಔದಾರ್ಯವನ್ನು ಯಾವ ಲೆಕ್ಕದಲ್ಲಿ ಬರೆಯಬೇಕು?

ಕೆಲವೊಮ್ಮೆ ಇಬ್ಬರೂ ಸಮಾನ ಅಜ್ಞರಾಗುವ ಸಂದರ್ಭಗಳುಂಟು. ಮೆಕ್ಕೆಜೋಳದ ಸುಳಿಯನ್ನು ತಿನ್ನುವ ಹೊಸ ಸೈನಿಕ ಹುಳು ಭಾರತದಲ್ಲಿ ಮೊದಲು ಗುರುತಿಸಲ್ಪಟ್ಟದ್ದು 2018ರಲ್ಲಿ, ಕರ್ನಾಟಕದಲ್ಲಿಯೇ. ಅದಕ್ಕೆ ಮುಂಚೆ ಅಚ್ಚಾದ ಪಠ್ಯಪುಸ್ತಕ ಅದನ್ನು ಇಲ್ಲಿಯ ಪೀಡೆಯೆಂದು ಹೇಳುವಂತಿರಲಿಲ್ಲ. ರೈತನ ಅಜ್ಜ ಹೇಳಿಕೊಟ್ಟ ಅನುಭವದಲ್ಲಿಯೂ ಅದಿರಲಿಲ್ಲ. ಇಂತಹ ಪ್ರಶ್ನೆ ಎದುರಾದಾಗ ಚಾಮರಾಜನಗರದ ಬಳಿ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ದಾರಿಯನ್ನು ಇಬ್ಬರೂ ಹಿಡಿಯಬೇಕಾಗುತ್ತದೆ. ಇನ್ನು ಬಂಡೀಪುರದ ಅಂಚಿನ ಊರುಗಳಲ್ಲಿ ರಾತ್ರಿ ಅಟ್ಟಣೆಯ ಮೇಲೆ ಕಾವಲು ಕೂರುವ ಯಜಮಾನನ "ನಿಮ್ ಪುಸ್ತಕ್ದಲ್ಲಿ ಆನೆ ಬತ್ತದಾ ಕೂಸೇ?" ಎಂಬ ಪ್ರಶ್ನೆಗೆ ಯಾವ ಕೇಂದ್ರದಲ್ಲಿಯೂ ಸಿದ್ಧ ಉತ್ತರವಿಲ್ಲ.

ಈ ಏರ್ಪಾಡಿನ ದೊಡ್ಡ ಕೊರತೆ ಬೇರೆಯೇ ಇದೆ. ಅರಿಸಿನವನ್ನು ಮೇ, ಜೂನ್ ತಿಂಗಳಲ್ಲಿ ನೆಡುತ್ತಾರೆ. ಎಂಟು ಒಂಬತ್ತು ತಿಂಗಳ ಬೆಳೆಯಾದ ಅದನ್ನು ಸಂಕ್ರಾಂತಿಯ ಸುಮಾರಿನಿಂದ ಅಗೆಯತೊಡಗುತ್ತಾರೆ. ಹಳ್ಳಿಯಲ್ಲಿ ಎಂಟು ವಾರ ಇರುವ ವಿದ್ಯಾರ್ಥಿ ಬರುವಾಗ ಗಿಡ ಎದ್ದು ನಿಂತಿರುತ್ತದೆ. ಹೋಗುವಾಗ ಗೆಡ್ಡೆ ಇನ್ನೂ ನೆಲದೊಳಗೇ ಇರುತ್ತದೆ. ಬಿತ್ತನೆಯ ಗೆಡ್ಡೆಗೆ ಔಷಧೋಪಚಾರ ಮಾಡಿದ್ದನ್ನೂ ಅವನು ಕಾಣಲಿಲ್ಲ, ಕೊಪ್ಪರಿಗೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವಿ, ಪೀಪಾಯಿಯಲ್ಲಿ ಉರುಳಿಸಿ ಹೊಳಪು ಕೊಡುವುದನ್ನೂ ಕಾಣಲಿಲ್ಲ. ಐದು ಕ್ವಿಂಟಲ್ ಹಸಿ ಗೆಡ್ಡೆ ಒಣಗಿದರೆ ಸುಮಾರು ಒಂದು ಕ್ವಿಂಟಲ್ ಆಗುತ್ತದೆಂದು ಅವನು ಓದಿರುತ್ತಾನೆ. ಅಂಗಳದಲ್ಲಿ ರಾಶಿ ದಿನದಿನಕ್ಕೂ ಕುಗ್ಗುವುದನ್ನು ನೋಡುವ ಮನೆಯವರ ಮುಖವನ್ನು ನೋಡಿರುವುದಿಲ್ಲ. ತಾನು ಕೊಟ್ಟ ಸಲಹೆ ಫಲಿಸಿತೋ ಇಲ್ಲವೋ ಎಂಬುದು ತಿಳಿಯುವ ಮೊದಲೇ ಅವನ ವರದಿಗೆ ಅಂಕ ಬಿದ್ದಿರುತ್ತದೆ. ಎಂಟು ವಾರವೆಂಬುದು ವಿಶ್ವವಿದ್ಯಾನಿಲಯದ ಪಂಚಾಂಗ. ಅರಿಸಿನದ ಪಂಚಾಂಗ ಬೇರೆ.

ಪೂರ್ತಿ ಹನ್ನೆರಡು ತಿಂಗಳು ಒಂದೆಡೆ ದುಡಿದು ಕಲಿಯುವ ಭಾಗ್ಯ ವೈದ್ಯ ವಿದ್ಯಾರ್ಥಿಗಳಿಗೆ ಉಂಟು. 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರಿನಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಯಾರೂ ವೈದ್ಯರಾಗುವಂತಿಲ್ಲ. ಒಂದು ವರ್ಷದ ಕಡ್ಡಾಯ ಸೇವೆ ಮುಗಿದ ಮೇಲೆಯೇ ಖಾಯಂ ನೋಂದಣಿ. 2021ರ ನಿಯಮಗಳು ಇದರಲ್ಲಿ 12 ವಾರಗಳನ್ನು ಸಮುದಾಯ ವೈದ್ಯಕೀಯಕ್ಕೆ ಮೀಸಲಿಟ್ಟುವು. ದೊಡ್ಡ ಆಸ್ಪತ್ರೆಯಲ್ಲಿ ಗುರು ಪ್ರಾಧ್ಯಾಪಕರಾದರೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಎಷ್ಟೋ ವೇಳೆ ಗುರುವಾಗುವವರು ದಾದಿಯರು ಮತ್ತು ಆಶಾ ಕಾರ್ಯಕರ್ತೆಯರು. ಯಾವ ಮನೆಯ ಬಸುರಿ ತಪಾಸಣೆಗೆ ಬರಲಿಲ್ಲ, ಏಕೆ ಬರಲಿಲ್ಲ, ಆ ಮನೆಯಲ್ಲಿ ಮಾತು ನಡೆಯುವುದು ಅತ್ತೆಯದೋ ಗಂಡನದೋ, ಇವೆಲ್ಲ ಆಕೆಗೆ ಕಂಠಪಾಠ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಂಡುಬರುವ ಕುಡುಗೋಲು ಕಣ ರಕ್ತಹೀನತೆ ನಗರದಲ್ಲಿ ಕಲಿತವನಿಗೆ ಪುಸ್ತಕದ ಚಿತ್ರ. ಈ ಜಿಲ್ಲೆಯಲ್ಲಿ ಅದು ಎದುರಿಗೆ ಕುಳಿತ ಮಗು. ಆ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು 1981ರಲ್ಲಿ ಸ್ಥಾಪಿಸಿ ಅಲ್ಲಿಯೇ ನೆಲೆ ನಿಂತದ್ದನ್ನು ಬಲ್ಲ ಜನ, ಬರುವ ಪ್ರತಿ ಎಳೆಯ ವೈದ್ಯನನ್ನೂ ಅದೇ ಅಳತೆಗೋಲಿನಿಂದ ಅಳೆದರೆ ಆಶ್ಚರ್ಯವಿಲ್ಲ. ಪಾಪ, ಅದು ತೀರ ದೊಡ್ಡ ಅಳತೆಗೋಲು.

ಕಾರ್ಖಾನೆ, ಕಚೇರಿಗಳ ವಿಚಾರದಲ್ಲಿ ಕಾಯಿದೆಯ ಬಲವಿದೆ. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ಎಂಜಿನಿಯರಿಂಗ್ ಪದವೀಧರರನ್ನೂ 2014ರಲ್ಲಿ ಇತರ ಪದವೀಧರರನ್ನೂ ಸೇರಿಸಲಾಯಿತು. 2019ರ ನಿಯಮಗಳು 30 ಅಥವಾ ಹೆಚ್ಚು ಮಂದಿಯ ಸಂಸ್ಥೆಗಳಿಗೆ ಇಂತಹ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವುದನ್ನು ಕಡ್ಡಾಯ ಮಾಡಿ, ಪದವೀಧರನ ಭತ್ಯ 9,000 ರೂಪಾಯಿಗೆ ಕಡಿಮೆಯಿರಬಾರದೆಂದು ವಿಧಿಸಿದುವು. ಕನಿಷ್ಠ ಭತ್ಯದ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುವ ಏರ್ಪಾಡೂ ಆಯಿತು. ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ; ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ಹುಡುಗನನ್ನು ಒಂದು ವರ್ಷ ಯಂತ್ರದ ಬಳಿ ನಿಲ್ಲಿಸಿಕೊಂಡು ಕಲಿಸುವರೋ, ಕಡತ ಹೊರಿಸುವರೋ ಎಂಬುದನ್ನು ಮಾತ್ರ ಯಾವ ಕಾಯಿದೆಯೂ ನಿರ್ಧರಿಸಲಾರದು. ಅದು ಮೇಸ್ತ್ರಿಯ ಮನಸ್ಸಿಗೆ ಬಿಟ್ಟದ್ದು.

ಕಾರ್ಖಾನೆಯ ಯಜಮಾನನಿಗೆ ಕನಿಷ್ಠ ಭತ್ಯದ ಅರ್ಧದ ಹೊರೆ ತಪ್ಪುತ್ತದೆ. ಆಸ್ಪತ್ರೆಗೆ ದುಡಿಯುವ ಕೈಗಳು ದೊರೆಯುತ್ತವೆ. ಹೊಲದ ಯಜಮಾನನಿಗೆ ದೊರೆಯುವುದು ಒಂದು ಮಣ್ಣಿನ ಪರೀಕ್ಷೆಯ ಚೀಟಿ, ತಂಡ ಹೊರಡುವ ದಿನದ ಸಮಾರಂಭದಲ್ಲಿ ಒಂದು ಶಾಲು, ಒಂದು ಗುಂಪುಚಿತ್ರ. ವಿದ್ಯಾರ್ಥಿ ಹೇಗೆ ಕೆಲಸ ಮಾಡಿದನೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ ಆದರೂ ಅಂಕಪಟ್ಟಿಯನ್ನು ತುಂಬುವವರು ಅಧ್ಯಾಪಕರು. ಹತ್ತು ಅಂಕವಾದರೂ ರೈತನ ಕೈಯಲ್ಲಿದ್ದರೆ ಎಷ್ಟೋ ದಿನಚರಿ ಪುಸ್ತಕಗಳು ಕೊಠಡಿಯಲ್ಲಿ ಕುಳಿತು ಬರೆದವಾಗಿರದೆ ಬದುವಿನ ಮೇಲೆ ಬರೆದವಾಗುತ್ತಿದ್ದುವು.

ಮಾಘ ಮಾಸದ ಹೊತ್ತಿಗೆ ತೆರಕಣಾಂಬಿಯ ಕಡೆಯ ಹೊಲಗಳಲ್ಲಿ ಅರಿಸಿನ ಬೇಯಿಸುವ ಹೊಗೆ ಏಳುತ್ತದೆ. ವಿದ್ಯಾರ್ಥಿಗಳು ಆಗ ಕಾಲೇಜಿನಲ್ಲಿ ವರ್ಷದ ಎರಡನೆಯ ಅರ್ಧದ ಕೆಲಸದಲ್ಲಿರುತ್ತಾರೆ. ಅವರಲ್ಲಿ ಯಾರಾದರೊಬ್ಬರು ರಜೆಯ ದಿನ ನೋಡಿಕೊಂಡು, ಹೇಳದೆ ಕೇಳದೆ ಬಸ್ಸು ಹತ್ತಿ ಬಂದು ಕೊಪ್ಪರಿಗೆಯ ಪಕ್ಕದಲ್ಲಿ ನಿಂತರೆ ಯಜಮಾನ ಮೊದಲು ಕುಶಲ ಕೇಳುವುದಿಲ್ಲ. ಬೆಂದ ಗೆಡ್ಡೆಯೊಂದನ್ನು ಮುರಿದು, ಒಳಗಿನ ಬಣ್ಣ ನೋಡೆಂದು ಅವರ ಅಂಗೈಯಲ್ಲಿಡುತ್ತಾನೆ.