ನಿಮಗಿದು ಗೊತ್ತೇ? ಅಜ್ಜಿಯ ಆರೋಗ್ಯ, ಮೊಮ್ಮಗನ ಒಟಿಪಿ

ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ರಂದು. ಸರಿಯಾಗಿ 20 ವರ್ಷಗಳ ಬಳಿಕ, 2017ರ ಅದೇ ದಿನ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಮುದುಕರಿಗೆಂಥ ಗುಟ್ಟು ಎನ್ನುವವರು ಈ ಲೆಕ್ಕ ನೆನಪಿಟ್ಟುಕೊಳ್ಳಲಿ.

ಒಬ್ಬರ ಆರೋಗ್ಯ ದಾಖಲೆಗಳನ್ನೆಲ್ಲ ಜೋಡಿಸಲು ಸರಕಾರ ಕೊಡುವ ಗುರುತಿನ ಸಂಖ್ಯೆಯೇ ಆಭಾ. ಅದರಲ್ಲಿ 14 ಅಂಕಿಗಳಿವೆ. ಮಾಡಿಸುವುದು ಕಡ್ಡಾಯವಲ್ಲ. ಮಾಡಿಸಿದ ಮೇಲೆ ಬೇಡವೆನಿಸಿದರೆ ಅಳಿಸಿಹಾಕಲೂಬಹುದು.

ಆಭಾ ಆದಕೂಡಲೇ ದವಾಖಾನೆಯ ಚೀಟಿಗಳೆಲ್ಲ ದಿಲ್ಲಿಯ ಒಂದೇ ಕಂಪ್ಯೂಟರಿಗೆ ಹೋಗಿ ಸೇರುವುದಿಲ್ಲ. ಹಾನಗಲ್ಲಿನಲ್ಲಿ ಬರೆದದ್ದು ಹಾನಗಲ್ಲಿನಲ್ಲೇ, ಹುಬ್ಬಳ್ಳಿಯದು ಹುಬ್ಬಳ್ಳಿಯಲ್ಲೇ ಇರುತ್ತದೆ. ಅಲ್ಲಿಯದನ್ನು ಇಲ್ಲಿಯವರು ನೋಡಬೇಕಾದರೆ ರೋಗಿ ಒಪ್ಪಬೇಕು. ಯಾರಿಗೆ, ಯಾವ ಅವಧಿಯ ದಾಖಲೆ, ಎಷ್ಟು ದಿನದ ಮಟ್ಟಿಗೆ ಎಂಬುದನ್ನು ರೋಗಿಯೇ ಗೊತ್ತುಮಾಡಬಹುದು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು.

ಸರಿ, ಒಪ್ಪಿಗೆಯ ಒಟಿಪಿ ಬರುವುದು ಯಾರ ಫೋನಿಗೆ? ಸವಣೂರಿನ ಅಜ್ಜಿಗೆ ಸ್ವಂತ ಮೊಬೈಲ್ ಇಲ್ಲದಿದ್ದರೆ ಮಗನದೋ ಮೊಮ್ಮಗನದೋ ನಂಬರ್ ಬರೆಸುತ್ತಾರೆ. ಒಂದೇ ನಂಬರಿಗೆ ಮನೆಯ ಹಲವರ ಆಭಾ ಜೋಡಿಸಲು ಅವಕಾಶವೂ ಇದೆ. ಅಲ್ಲಿಗೆ ಒಪ್ಪಿಗೆ ಅಜ್ಜಿಯದು, ಬೆರಳು ಮೊಮ್ಮಗನದು. ಅಜ್ಜಿಯನ್ನು ಕೇಳಿ ಒತ್ತುವವರು ಎಷ್ಟು ಮಂದಿಯೋ!

ಆಶಾ ಕಾರ್ಯಕರ್ತೆ ಮನೆಗೆ ಬಂದು 30 ದಾಟಿದವರ ಬಗ್ಗೆ ತುಂಬುವ ನಮೂನೆಯೊಂದಿದೆ. ತಂಬಾಕು, ಕುಡಿತ, ಸೊಂಟದ ಸುತ್ತಳತೆ ಎಲ್ಲ ಅದರಲ್ಲಿ ಬರುತ್ತವೆ. 60 ದಾಟಿದವರಿಗೆ ಇನ್ನೂ ನಾಲ್ಕು ಪ್ರಶ್ನೆ ಹೆಚ್ಚು: ನಿಂತಾಗ, ನಡೆವಾಗ ತೋಲ ತಪ್ಪುತ್ತದೆಯೇ? ಓಡಾಟಕ್ಕೆ ಅಡ್ಡಿಯಾಗುವ ಅಂಗವೈಕಲ್ಯವಿದೆಯೇ? ಉಣ್ಣಲು, ಉಡಲು ನೆರವು ಬೇಕೇ? ಹತ್ತಿರದವರ ಹೆಸರು, ಮನೆಯ ವಿಳಾಸ ಮರೆತುಹೋಗುತ್ತದೆಯೇ? ಕೊನೆಯ ಪ್ರಶ್ನೆಯನ್ನು ಕಟ್ಟೆಯ ಮೇಲೆ ನಾಲ್ಕು ಜನರೆದುರು ಕೇಳಿದರೆ ಮುಗಿಯಿತು. ಉತ್ತರ ಸರ್ವರ್ ಮುಟ್ಟುವ ಮೊದಲೇ ಓಣಿ ಮುಟ್ಟುತ್ತದೆ. 'ಅಜ್ಜಗ ಅರಳುಮರಳಂತ' ಎಂಬ ಮಾತು ಹಬ್ಬಿದರೆ ನಾಳೆ ಹೊಲದ ವಾಟ್ನಿಯಲ್ಲಿ ಆತನ ಹೆಬ್ಬೆಟ್ಟಿಗೂ ತಕರಾರು. ಒಳಮನೆಯಲ್ಲಿ ಕೂತು ತುಂಬುವ ಆಶಾ ತಾಯಂದಿರಿಗೆ ಕೈಮುಗಿಯಬೇಕು.

ಮರೆವು ತೀರ್ಮಾನಶಕ್ತಿಯನ್ನೇ ಕೆಡಿಸುವಷ್ಟಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಗೌಪ್ಯತೆಯ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯಲ್ಲಿರುವವರ ಫೋಟೊವನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ.

ವೈದ್ಯ ರೋಗಿಯ ಮನೆಯ ವಿಷಯ ಹೊರಗೆ ಹೇಳಬಾರದು ಎಂಬ ಕಟ್ಟಳೆ ಚರಕ ಸಂಹಿತೆಯಲ್ಲೇ ಇದೆ, ಶಿಷ್ಯರಿಗೆ ಮಾಡಿಸುವ ಪ್ರತಿಜ್ಞೆಯ ಭಾಗವಾಗಿ.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಮಾಹಿತಿ ಕಾಪಾಡಲು ತಕ್ಕ ಏರ್ಪಾಡು ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೇ ಕೊಡಿ ಎಂದು ಕೇಳುವ ಹಕ್ಕೂ ಇದೆ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಮುಗಳ ಜಾರಿಗೆ ಅಲ್ಲಿಂದ 18 ತಿಂಗಳ ಗಡುವು. ಆದರೆ ಇದರಲ್ಲೊಂದು ಕಿಂಡಿಯಿದೆ. ಸ್ವಂತದ, ಮನೆಮಟ್ಟದ ಬಳಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಜ್ಜನ ರಕ್ತಪರೀಕ್ಷೆಯ ವರದಿಯನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಅಳಿಯನನ್ನು ಈ ಕಾನೂನು ಮುಟ್ಟದು. ಆ ಗುಂಪಿನಲ್ಲಿ ಬೀಗರೂ ಇರುತ್ತಾರೆ ಎಂಬುದು ಬೇರೆ ಮಾತು.

ದೊಡ್ಡ ಆಸ್ಪತ್ರೆ ಎಂದಮಾತ್ರಕ್ಕೆ ಭದ್ರವೆಂದುಕೊಳ್ಳಬೇಡಿ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್‌ನ ಸರ್ವರ್‌ಗಳಿಗೇ ಸೈಬರ್ ದಾಳಿಕೋರರು ಬೀಗ ಜಡಿದರು. ಹಲವು ದಿನ ಅಲ್ಲಿ ಕೈಬರಹದ ಚೀಟಿಯೇ ಗತಿಯಾಯಿತು.

ನಿಮ್ಮ ದಾಖಲೆಯನ್ನು ನಿಮಗೇ ಕೊಡಲು ಸತಾಯಿಸುತ್ತಾರೆಯೇ? ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕೆನ್ನುತ್ತದೆ 2002ರ ವೈದ್ಯಕೀಯ ಪರಿಷತ್ತಿನ ನಿಯಮ.

ಅಮೆರಿಕದಲ್ಲಿ ವ್ಯಕ್ತಿ ಸತ್ತ ಮೇಲೂ 50 ವರ್ಷ ಆತನ ಆರೋಗ್ಯ ಮಾಹಿತಿಗೆ ಕಾನೂನಿನ ಕಾವಲಿದೆ. ನಮ್ಮ 2023ರ ಕಾಯ್ದೆಯ ದಾರಿ ಬೇರೆ: ತಾನು ಸತ್ತರೆ, ಇಲ್ಲವೇ ಸ್ವಾಧೀನ ತಪ್ಪಿದರೆ ತನ್ನ ಹಕ್ಕು ಚಲಾಯಿಸಲು ಒಬ್ಬ ನಾಮಿನಿಯನ್ನು ಹೆಸರಿಸಬಹುದು. ಆ ನಾಮಿನಿ ಹಿರಿಮಗನೇ ಆಗಬೇಕೆಂದೇನಿಲ್ಲ. ಹಿರೇಕೆರೂರಿನ ಅಜ್ಜ ಸೊಸೆಯ ಹೆಸರು ಹೇಳಿದರೂ ನಡೆಯುತ್ತದೆ.