ಇ-ಇನ್‌ವಾಯ್ಸ್: ಕಳುಹಿಸಿದರೆ ಸಾಲದು, ಉತ್ತರವನ್ನೂ ಓದಬೇಕು



ಇಡ್ಲಿ-ವಡೆ ತಿಂದು ಕೌಂಟರಿನಲ್ಲಿ ಹಣ ಕೊಟ್ಟು ಹೋಗುವ ಗ್ರಾಹಕರ ಬಿಲ್ಲಿಗೆ ಇ-ಇನ್‌ವಾಯ್ಸ್ ಬೇಕಿಲ್ಲ. ಆದರೆ ಜಿಎಸ್‌ಟಿ ನೋಂದಣಿ ಇರುವ ಕಂಪೆನಿಗೆ ಊಟ ಒದಗಿಸಿ ಬಿಲ್ ಕೊಡುವಾಗ, ನಮ್ಮ ವಹಿವಾಟು 2017-18ರಿಂದೀಚೆಗೆ ಯಾವುದೇ ವರ್ಷ 5 ಕೋಟಿ ರೂಪಾಯಿ ದಾಟಿದ್ದರೆ ಅದು ಕಡ್ಡಾಯ. 2020ರ ಅಕ್ಟೋಬರ್‌ನಲ್ಲಿ 500 ಕೋಟಿಯವರಿಂದ ಆರಂಭವಾದ ನಿಯಮ 2023ರ ಆಗಸ್ಟ್ 1ರಂದು ಈ ಮಿತಿಗೆ ಇಳಿಯಿತು. ಒಂದೇ ಪ್ಯಾನ್ ಅಡಿಯಲ್ಲಿ ಉಡುಪಿಯಲ್ಲೊಂದು, ತಿರುವನಂತಪುರದಲ್ಲೊಂದು ಹೋಟೆಲ್ ಇದ್ದರೆ ಎರಡರ ವಹಿವಾಟನ್ನೂ ಕೂಡಿಸಬೇಕು.

ನಡೆಯುವುದು ಹೀಗೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಲ್ಲನ್ನು 'ಜೇಸನ್' ಎಂಬ ರೂಪದಲ್ಲಿ ಬರೆಯುತ್ತದೆ. ಇದರಲ್ಲಿ ಪ್ರತಿ ವಿವರಕ್ಕೂ ಒಂದು ಹೆಸರು, ಅದರ ಮುಂದೆ ಒಂದು ಬೆಲೆ: ಬಿಲ್ ನಂಬರ್, ತಾರೀಕು, ಇಬ್ಬರ ಜಿಎಸ್‌ಟಿ ನಂಬರ್, ಮೊತ್ತ, ತೆರಿಗೆ. ಇದು ಸರಕಾರದ ಪೋರ್ಟಲ್‌ಗೆ ಹೋಗುತ್ತದೆ. ಪೋರ್ಟಲ್ ಪರಿಶೀಲಿಸಿ, ಅದೇ ಜೇಸನ್ ರೂಪದಲ್ಲಿ ಉತ್ತರಿಸುತ್ತದೆ.

ಉತ್ತರದಲ್ಲಿ ಮೊದಲು ನೋಡಬೇಕಾದದ್ದು 'ಸ್ಟೇಟಸ್'. ಅದು 1 ಆಗಿದ್ದರೆ 64 ಅಕ್ಷರಗಳ ಐಆರ್‌ಎನ್, ಸ್ವೀಕೃತಿ ಸಂಖ್ಯೆ ಹಾಗೂ ಕ್ಯೂಆರ್ ಕೋಡ್ ಬಂದಿರುತ್ತದೆ. 0 ಆಗಿದ್ದರೆ ತಪ್ಪಿನ ಸಂಖ್ಯೆ ಮತ್ತು ಕಾರಣ ಇರುತ್ತದೆ. ಐಆರ್‌ಎನ್ ಇಲ್ಲದ ಬಿಲ್ಲು ಕಾನೂನಿನ ಕಣ್ಣಿಗೆ ಬಿಲ್ಲೇ ಅಲ್ಲ. ಕಂಪೆನಿಯವರು ಹಣ ತಡೆಹಿಡಿದರೆ ನಾವು ಕೇಳುವಂತಿಲ್ಲ.

ನಮ್ಮ ಉದ್ಯಮದಲ್ಲಿ ಎರಡು ತಪ್ಪುಗಳ ಬಗ್ಗೆ ವಿಶೇಷ ಎಚ್ಚರ ಬೇಕು.

ತಪ್ಪು 2172: ಬೆಂಗಳೂರಿನ ಕಂಪೆನಿಯೊಂದು ತಿರುವನಂತಪುರದಲ್ಲಿ ಸಭೆ ನಡೆಸಿ ಊಟಕ್ಕೆ ನಮಗೆ ಹೇಳಿತು ಎನ್ನಿ. ಅವರ ಜಿಎಸ್‌ಟಿ ನಂಬರ್ 29ರಿಂದ ಆರಂಭವಾಗುತ್ತದೆಂದು ಐಜಿಎಸ್‌ಟಿ ಹಾಕಿಬಿಡುತ್ತೇವೆ. ಆದರೆ ಕೇಟರಿಂಗ್‌ನಲ್ಲಿ ಊಟ ಬಡಿಸಿದ ಊರೇ ಲೆಕ್ಕ. ಸ್ಥಳದ ಕೋಡ್ 32, ಅಂದರೆ ಕೇರಳ. ಶೇಕಡಾ 5 ತೆರಿಗೆಯಾದರೆ ಲಕ್ಷ ರೂಪಾಯಿ ಬಿಲ್ಲಿಗೆ ಸಿಜಿಎಸ್‌ಟಿ 2,500, ಎಸ್‌ಜಿಎಸ್‌ಟಿ 2,500 ಹಾಕಬೇಕು.

ತಪ್ಪು 2150: ಈ ನಂಬರಿನ ಬಿಲ್ಲು ಆಗಲೇ ದಾಖಲಾಗಿದೆ ಎಂದರ್ಥ. ನಮ್ಮ ಉಳ್ಳೂರಿನ ಅಡುಗೆಮನೆಯಲ್ಲಿ ಒಂದು ಮಳೆಯ ಸಂಜೆ ಬಿಲ್ ಕಳುಹಿಸಿದೊಡನೆ ಇಂಟರ್‌ನೆಟ್ ನಿಂತುಹೋಯಿತು. ಉತ್ತರ ಬರಲಿಲ್ಲವೆಂದು ಹುಡುಗ ಹೊಸ ನಂಬರ್ ಹಾಕಿ ಮತ್ತೆ ಕಳುಹಿಸಿದ. ಮೊದಲನೆಯದೂ ದಾಖಲಾಗಿತ್ತು! ಒಂದೇ ಊಟಕ್ಕೆ ಎರಡು ಬಿಲ್, ಎರಡು ತೆರಿಗೆ. ರದ್ದು ಮಾಡಲು ಇರುವುದು 24 ಗಂಟೆ ಮಾತ್ರ. ನಾವು ಗಮನಿಸುವಾಗ ಅದು ಮೀರಿತ್ತು. ಕೊನೆಗೆ ಕ್ರೆಡಿಟ್ ನೋಟ್ ಕೊಟ್ಟು ಸರಿಪಡಿಸಿದೆವು. ಅದೇ ನಂಬರಿನಲ್ಲಿ ಮತ್ತೆ ಕಳುಹಿಸಿದ್ದರೆ 2150 ಎಂಬ ಉತ್ತರದ ಜೊತೆಯಲ್ಲೇ ಹಳೆಯ ಐಆರ್‌ಎನ್ ಸಿಗುತ್ತಿತ್ತು.

ಆದ್ದರಿಂದ ಬಿಲ್ಲಿಂಗ್ ಮಾಡುವವರಿಗೆ ಇಷ್ಟು ಹೇಳಿಡಿ: ಉತ್ತರ ಬಾರದಿದ್ದರೆ ನಂಬರ್ ಬದಲಿಸಬೇಡಿ, ಸ್ಟೇಟಸ್ ನೋಡದೆ ಪ್ರಿಂಟ್ ತೆಗೆಯಬೇಡಿ, ಬಂದ ಉತ್ತರವನ್ನು ಕಂಪ್ಯೂಟರ್‌ನಲ್ಲಿ ಜೋಪಾನವಾಗಿ ಉಳಿಸಿಡಿ.